ಹಳೆ ಸಿಗರೇಟ್ ಪ್ಯಾಕಿನ ಫೋಟೊ ಕಾರ್ಡು: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು ಹೇಗೆ?

ಓಲ್ಡ್ ಜಡ್ಜ್ ಸಿಗರೇಟಿನ ಒಂದು ಬೇಸ್‌ಬಾಲ್ ಕಾರ್ಡು. ಅಗಲ ಒಂದೂವರೆ ಇಂಚಿಗೆ ಚೂರು ಕಡಿಮೆ, ಎತ್ತರ ಸುಮಾರು ಎರಡೂವರೆ ಇಂಚು. ಕಂದುಬಣ್ಣದ ಫೋಟೊ. ಆಟಗಾರ ಎರಡೂ ಕೈ ಎತ್ತಿ ಚೆಂಡು ಹಿಡಿಯುವ ಭಂಗಿಯಲ್ಲಿ ನಿಂತಿದ್ದಾನೆ. ಚೆಂಡು ಗಾಳಿಯಲ್ಲಿದೆ. ಆದರೆ ಲೆನ್ಸ್ ಇಟ್ಟು ಚೆಂಡಿನ ಮೇಲ್ಗಡೆ ನೋಡಿದರೆ ಸಣ್ಣ ದಾರ ಕಾಣುತ್ತದೆ! ಸ್ಟುಡಿಯೊದ ಬೆಳಕಿನಲ್ಲಿ ಹಾರುವ ಚೆಂಡನ್ನು ಹಿಡಿಯುವುದು 1880ರ ದಶಕದ ಕ್ಯಾಮೆರಾದಿಂದ ಆಗದ ಕೆಲಸ. ಹಾಗಾಗಿ ಮೈದಾನದ ಚಿತ್ರ ಬರೆದ ಪರದೆ ಕಟ್ಟಿದರು, ಚೆಂಡನ್ನು ದಾರದಲ್ಲಿ ನೇತುಹಾಕಿದರು, ಆಟಗಾರನನ್ನು ಅಲುಗಾಡದೆ ನಿಲ್ಲಿಸಿದರು.

ಇಂಥ ಕಾರ್ಡುಗಳನ್ನು ಸಂಗ್ರಹಿಸಬೇಕು ಅನ್ನುವವರಿಗೆ ಈ ಮಾರ್ಗದರ್ಶಿ. ಅಜ್ಜನ ಟ್ರಂಕಿನಲ್ಲಿ ನಾಲ್ಕು ಸಿಕ್ಕಿವೆ, ಏನು ಮಾಡಬೇಕು ಗೊತ್ತಿಲ್ಲ ಅನ್ನುವವರಿಗೂ ಉಪಯೋಗಕ್ಕೆ ಬರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಫೋಟೊ ಕಾರ್ಡು" ಅಂತ ಮಾರುವ ಎಷ್ಟೋ ಕಾರ್ಡುಗಳು ಫೋಟೊಗಳೇ ಅಲ್ಲ, ಅಚ್ಚಿನ ಚಿತ್ರಗಳು. ಕಾರ್ಡಿನಲ್ಲಿ ಯಾರಿದ್ದಾರೆ ಅನ್ನುವುದನ್ನು ಆಮೇಲೆ ನೋಡಿ. ಅದು ಹೇಗೆ ತಯಾರಾಗಿದೆ ಅನ್ನುವುದನ್ನು ಮೊದಲು ನೋಡಿ. ಈ ಒಂದು ಅಭ್ಯಾಸ ಬಂದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಹಂತ 1: ಹಿನ್ನೆಲೆ ತಿಳಿದುಕೊಳ್ಳಿ

ಆಗಿನ ಸಿಗರೇಟು ಮೆತ್ತನೆ ಕಾಗದದ ಪ್ಯಾಕಿನಲ್ಲಿ ಬರುತ್ತಿತ್ತು. ಜೇಬಿನಲ್ಲಿ ಮುರಿಯಬಾರದು ಅಂತ ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದರು. 1870ರ ದಶಕದ ಕೊನೆಗೆ ಅಮೆರಿಕದಲ್ಲಿ ಆ ಖಾಲಿ ರಟ್ಟಿನ ಮೇಲೆ ಚಿತ್ರ ಬಂತು. ಹೇಗೂ ಹಾಕಬೇಕಾದ ರಟ್ಟು, ಅದರಲ್ಲೇ ಜಾಹೀರಾತೂ ಆಯಿತು ಅಲ್ವಾ?

ಮುಂದೆ ಇದು ಪೈಪೋಟಿಯಾಗಿದ್ದಕ್ಕೆ ಒಂದು ಯಂತ್ರ ಕಾರಣ. ಜೇಮ್ಸ್ ಬೊನ್ಸಾಕ್ 1881ರಲ್ಲಿ ಪೇಟೆಂಟ್ ಪಡೆದ ಸಿಗರೇಟು ಸುತ್ತುವ ಯಂತ್ರ ದಿನಕ್ಕೆ ಸುಮಾರು 1,20,000 ಸಿಗರೇಟು ಮಾಡುತ್ತಿತ್ತು. ಕೈಯಲ್ಲಿ ಸುತ್ತುವ ನುರಿತ ಕೆಲಸಗಾರನಿಗೆ ದಿನಕ್ಕೆ ಎರಡು ಮೂರು ಸಾವಿರ ಮೀರುವುದು ಕಷ್ಟ. ಅಷ್ಟೊಂದು ಸಿಗರೇಟನ್ನು ಯಾರಿಗೆ ಮಾರುವುದು? ಉತ್ತರ ಕೆರೊಲಿನಾದ ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಮತ್ತು ಅವನ ಎದುರಾಳಿಗಳು ಪ್ಯಾಕಿನೊಳಗೆ ನಟಿಯರು, ಆಟಗಾರರು, ಬಾವುಟ, ಹಕ್ಕಿ, ಏನೆಲ್ಲ ಸಾಧ್ಯವೋ ಎಲ್ಲ ಹಾಕಿದರು. ಕಡಿಮೆ ಬಟ್ಟೆಯ ನಟಿಯರ ಫೋಟೊ ಕಂಡು ಡ್ಯೂಕನ ಅಪ್ಪ ವಾಷಿಂಗ್ಟನ್ ಡ್ಯೂಕನೇ 1894ರಲ್ಲಿ ಮಗನಿಗೆ ಬೇಸರದ ಪತ್ರ ಬರೆದ.

ಓಲ್ಡ್ ಜಡ್ಜ್ ಬ್ರ್ಯಾಂಡು ನ್ಯೂಯಾರ್ಕಿನ ಗುಡ್‌ವಿನ್ ಕಂಪನಿಯದು. 1886ರಿಂದ 1890ರ ತನಕ ಐನೂರಕ್ಕೂ ಜಾಸ್ತಿ ಬೇಸ್‌ಬಾಲ್ ಆಟಗಾರರ ಫೋಟೊ ಕಾರ್ಡು ಹಾಕಿತು. ಒಬ್ಬೊಬ್ಬನದೂ ಬೇರೆ ಬೇರೆ ಭಂಗಿ. ಒಟ್ಟು ಲೆಕ್ಕ ಎರಡು ಸಾವಿರ ದಾಟುತ್ತದೆ. 1890ರಲ್ಲಿ ಡ್ಯೂಕ್, ಗುಡ್‌ವಿನ್, ಕಿನ್ನಿ, ಕಿಂಬಾಲ್, ಆಲನ್ ಅಂಡ್ ಗಿಂಟರ್ ಈ ಐದೂ ಸೇರಿ ಅಮೆರಿಕನ್ ಟೊಬ್ಯಾಕೋ ಕಂಪನಿ ಆದವು. ಪೈಪೋಟಿ ಮುಗಿಯಿತು, ಕಾರ್ಡುಗಳೂ ಕಡಿಮೆಯಾದವು.

ಬ್ರಿಟನ್ನಿನಲ್ಲಿ ಫೋಟೊ ಕಾರ್ಡು ಅಂದರೆ ಲಿವರ್‌ಪೂಲ್‌ನ ಓಗ್ಡೆನ್ ಕಂಪನಿಯ "ಗಿನಿ ಗೋಲ್ಡ್". 1890ರ ದಶಕದ ನಡುವಿನಿಂದ 1907ರ ತನಕ ಸಾವಿರಾರು ಬಗೆ ಬಂದವು. ರಾಜಮನೆತನದವರು, ಬೋಯರ್ ಯುದ್ಧದ ಸೇನಾಧಿಕಾರಿಗಳು, ನಾಟಕದವರು, ಕ್ರಿಕೆಟಿಗರು ಎಲ್ಲರೂ ಇದ್ದಾರೆ. 1901ರಲ್ಲಿ ಡ್ಯೂಕ್ ಓಗ್ಡೆನ್ನನ್ನೇ ಕೊಂಡ. ಅವನನ್ನು ಎದುರಿಸಲು ಅಲ್ಲಿಯ ಹದಿಮೂರು ಕಂಪನಿಗಳು ಸೇರಿ ಇಂಪೀರಿಯಲ್ ಟೊಬ್ಯಾಕೋ ಆಯಿತು. ಮರುವರ್ಷ ರಾಜಿಯಾಗಿ ಓಗ್ಡೆನ್ ಇಂಪೀರಿಯಲ್ ಕೈಸೇರಿತು.

ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಕಂಪನಿಯ ಹೆಸರು, ಅದು ಯಾವಾಗ ಯಾರ ಕೈಲಿತ್ತು ಅನ್ನುವುದೇ ಕಾರ್ಡಿನ ಕಾಲ ಹೇಳುವ ಮೊದಲ ಸುಳಿವು.

ಹಂತ 2: ಒಂದೇ ದಾರಿ ಆರಿಸಿಕೊಳ್ಳಿ

ಎಲ್ಲವನ್ನೂ ಕೊಳ್ಳಲು ಹೊರಟರೆ ದುಡ್ಡು ಹೋಗುತ್ತದೆ, ಕಲಿಯುವುದು ಏನೂ ಇರುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಗಿನಿ ಗೋಲ್ಡ್. ಅದು ನಿಜವಾದ ಫೋಟೊ. ಬೇಕಾದಷ್ಟು ಸಿಗುತ್ತದೆ. ಸಾಮಾನ್ಯ ಕಾರ್ಡುಗಳಿಗೆ ಕೆಲವೇ ಪೌಂಡು. ಓಲ್ಡ್ ಜಡ್ಜ್‌ನಲ್ಲಿ ಹೆಸರು ಕೇಳದ ಆಟಗಾರನ ಸವೆದ ಕಾರ್ಡಿಗೂ ನೂರು ಡಾಲರ್ ದಾಟುವುದು ಮಾಮೂಲು. ಅದರಲ್ಲಿ ಕಲಿಯಲು ಹೋಗಬೇಡಿ.

ಗಿನಿ ಗೋಲ್ಡ್‌ನಲ್ಲಿ ನಮಗೆ ಹತ್ತಿರದ ಮುಖವೂ ಇದೆ: ರಣಜಿತ್‌ಸಿಂಹಜಿ. 1896ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೆ 154 ಹೊಡೆದವರು. 1899ರ ಒಂದೇ ಸೀಸನ್‌ನಲ್ಲಿ ಮೂರು ಸಾವಿರ ರನ್ ದಾಟಿದವರು. ಸಿಗರೇಟು ಕಂಪನಿಗಳು ಅವರನ್ನು ಬಿಡುವುದುಂಟೇ? ಕ್ರಿಕೆಟಿಗರ ಕಾರ್ಡಿಗೆ ಬೇಡಿಕೆ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ಮೊದಲ ಕಾರ್ಡೇ ರಣಜಿ ಬೇಕು ಅಂತ ಹಟ ಹಿಡಿಯಬೇಡಿ. ಯಾವುದೋ ಮೀಸೆಯ ಸೇನಾಧಿಕಾರಿಯಿಂದ ಶುರು ಮಾಡಿ.

ಇನ್ನೊಂದು ದಾರಿ ಭಾರತಕ್ಕೇ ಸಂಬಂಧಪಟ್ಟದ್ದು. ವಿಲ್ಸ್ ಕಂಪನಿಯ "ಸಿಸರ್ಸ್" ಸಿಗರೇಟನ್ನು ಇಲ್ಲಿದ್ದ ಬ್ರಿಟಿಷ್ ಸೈನಿಕರಿಗೆಂದೇ ಮಾರುತ್ತಿದ್ದರು. ಅದರಲ್ಲಿ ನಟಿಯರು, ಜಾಕಿಗಳು, ಫುಟ್‌ಬಾಲ್ ತಂಡಗಳ ಬಣ್ಣ, ಭಾರತೀಯ ರೆಜಿಮೆಂಟುಗಳ ಸೆಟ್ ಬಂದವು. ಬೆಂಗಳೂರಿನ ದಂಡು ಪ್ರದೇಶ ಆಗ ದೊಡ್ಡ ಸೈನಿಕ ಠಾಣೆ. ಇಲ್ಲಿಯ ಹಳೆ ಮನೆಗಳ ಸಾಮಾನಿನಲ್ಲಿ ಸಿಸರ್ಸ್ ಕಾರ್ಡು ಕಂಡರೆ ಆಶ್ಚರ್ಯ ಪಡಬೇಕಿಲ್ಲ. ಪೆನಿನ್ಸುಲರ್ ಟೊಬ್ಯಾಕೋ ಕಂಪನಿ ಹಿಂದೂ ದೇವರುಗಳ ಸೆಟ್ಟನ್ನೇ ತಂದಿತ್ತು. ದೇವರನ್ನು ಸಿಗರೇಟು ಪ್ಯಾಕಿನೊಳಗೆ ಹಾಕುವ ಧೈರ್ಯ ಇವತ್ತು ಯಾರಿಗೂ ಬರಲಿಕ್ಕಿಲ್ಲ. ಆದರೆ ನೆನಪಿಡಿ, ಇವೆಲ್ಲ ಬಹುತೇಕ ಅಚ್ಚಿನ ಚಿತ್ರಗಳು. ಇಷ್ಟವಾದರೆ ಸಂಗ್ರಹಿಸಿ, ಫೋಟೊ ಅಂತ ಕೊಳ್ಳಬೇಡಿ.

ಹಂತ 3: ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದು. ಮಿಲಿಮೀಟರ್ ಸರಿಯಾಗಿ ತೋರುವ ಸ್ಟೀಲ್ ಸ್ಕೇಲು. ಖೋಟಾ ನೋಟು ನೋಡಲು ಬಳಸುವ ಯುವಿ ಟಾರ್ಚು. ಒಂದು ಸಾದಾ ಟಾರ್ಚು. ಅಷ್ಟೇ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ, ಕಾರ್ಡನ್ನು ಅಂಚಿನಲ್ಲೇ ಹಿಡಿಯಿರಿ. ಹತ್ತಿಯ ಕೈಗವಸು ಬೇಡ. ಅದರಲ್ಲಿ ಹಿಡಿತ ಸಿಗದೆ ಕಾರ್ಡು ಜಾರುತ್ತದೆ, ನೂಲು ಮೂಲೆಗೆ ಸಿಕ್ಕಿಕೊಳ್ಳುತ್ತದೆ.

ಹಂತ 4: ಫೋಟೊನಾ, ಅಚ್ಚಾ?

ಇಡೀ ಹವ್ಯಾಸದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಕಾರ್ಡನ್ನು ಹತ್ತಿರ ತನ್ನಿ. ಮೊದಲು ಮುಖ ನೋಡಬೇಡಿ. ಕೆನ್ನೆ ಮತ್ತು ಕತ್ತಿನ ನಡುವಿನ ನೆರಳು ನೋಡಿ. ಬೆಳಕಿನಿಂದ ಕತ್ತಲೆಗೆ ಬಣ್ಣ ಹೇಗೆ ಇಳಿಯುತ್ತದೆ ಅನ್ನುವುದೇ ಪ್ರಶ್ನೆ. ನಿಜವಾದ ಫೋಟೊದಲ್ಲಿ ಅದು ನುಣ್ಣಗೆ ಇಳಿಯುತ್ತದೆ, ಎಲ್ಲೂ ಚುಕ್ಕಿ ಇರುವುದಿಲ್ಲ. ಸಾಲುಸಾಲಾಗಿ ಜೋಡಿಸಿದ ಚುಕ್ಕಿ ಕಂಡರೆ ಅದು ಹಾಫ್‌ಟೋನ್, ಅಂದರೆ ಫೋಟೊದಿಂದ ಬ್ಲಾಕ್ ಮಾಡಿ ಒತ್ತಿದ ಅಚ್ಚು. ಕಪ್ಪಾದ ಕಡೆ ದಪ್ಪ ಚುಕ್ಕಿ, ತಿಳಿಯಾದ ಕಡೆ ಸಣ್ಣ ಚುಕ್ಕಿ, ಆದರೆ ಸಾಲು ಮಾತ್ರ ತಪ್ಪುವುದಿಲ್ಲ. ಅದೇ ಓಗ್ಡೆನ್ ಕಂಪನಿಯ "ಟ್ಯಾಬ್" ಕಾರ್ಡುಗಳು ಹೀಗೇ. ದೂರದಿಂದ ನೋಡಿದರೆ ಫೋಟೊ ಅಂತಲೇ ಅನ್ನಿಸುತ್ತದೆ.

ಚುಕ್ಕಿಗಳು ಅಡ್ಡಾದಿಡ್ಡಿಯಾಗಿದ್ದು, ಕೆಂಪು, ನೀಲಿ, ಹಳದಿ ಬೇರೆಬೇರೆ ಪದರವಾಗಿ ಕಂಡರೆ ಅದು ಕಲ್ಲಚ್ಚು, ಅಂದರೆ ಲಿಥೊ. ಜಗತ್ತಿನ ಅತಿ ಹೆಸರಾದ ತಂಬಾಕು ಕಾರ್ಡೂ ಈ ಜಾತಿಯದ್ದೇ. 1909ರಿಂದ 1911ರ ನಡುವೆ ಬಂದ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅದಕ್ಕೆ ಮೂಲ ಕಾರ್ಲ್ ಹಾರ್ನರ್ ತೆಗೆದ ಫೋಟೊ. ಆದರೆ ಕಾರ್ಡು ಮಾತ್ರ ಬಣ್ಣದ ಲಿಥೊ.

ಚುಕ್ಕಿ ಇಲ್ಲ, ಫೋಟೊನೇ ಅಂತ ಖಾತ್ರಿಯಾಯಿತು ಅನ್ನೋಣ. ಮುಂದಿನ ಪ್ರಶ್ನೆ, ಯಾವ ಬಗೆಯ ಫೋಟೊ?

ಆಲ್ಬುಮಿನ್ ಫೋಟೊಗೆ ತೆಳ್ಳಗಿನ ಕಾಗದ ಬೇಕು. ಅದಕ್ಕೆ ಉಪ್ಪು ಬೆರೆಸಿದ ಮೊಟ್ಟೆಯ ಬಿಳಿಲೋಳೆ ಬಳಿದು, ಮೇಲೆ ಸಿಲ್ವರ್ ನೈಟ್ರೇಟ್ ಹಚ್ಚಿ, ನೆಗೆಟಿವ್ ಇಟ್ಟು ಬಿಸಿಲಲ್ಲಿ ಮೂಡಿಸುತ್ತಿದ್ದರು. ಕಾಗದ ತೀರಾ ತೆಳು, ತಾನಾಗಿ ಸುರುಳಿ ಸುತ್ತುತ್ತದೆ. ಅದಕ್ಕೆ ರಟ್ಟಿಗೆ ಅಂಟಿಸಲೇಬೇಕು. ಓಲ್ಡ್ ಜಡ್ಜ್ ಇದೇ ಬಗೆ. ಲೆನ್ಸಿನಲ್ಲಿ ಚಿತ್ರದ ಒಳಗಿನಿಂದಲೇ ಕಾಗದದ ನಾರು ಕಾಣುತ್ತದೆ. ಬಿಳಿ ಇರಬೇಕಾದ ಕಡೆ, ಅಂದರೆ ಅಂಗಿ, ಆಕಾಶ ಎಲ್ಲ ಹಳದಿಗೆ ತಿರುಗಿರುತ್ತದೆ. ಕಾರ್ಡನ್ನು ಓರೆ ಮಾಡಿ ಟಾರ್ಚು ಬಿಟ್ಟರೆ ಮೇಲ್ಮೈಯಲ್ಲಿ ಬತ್ತಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು ಕಾಣಬಹುದು. ಕೆಲವು ಓಲ್ಡ್ ಜಡ್ಜ್ ಕಾರ್ಡು ನಸುಗೆಂಪಾಗಿರುತ್ತವೆ. ಅದನ್ನು ನೋಡಿದ ಕೂಡಲೇ ನಕಲಿ ಅಂತ ತೀರ್ಮಾನಿಸಬೇಡಿ.

ಗಿನಿ ಗೋಲ್ಡ್‌ನ ಬ್ರೋಮೈಡ್ ಫೋಟೊದಲ್ಲಿ ಬೆಳ್ಳಿ ಇರುವುದು ಜೆಲಟಿನ್ ಪದರದಲ್ಲಿ. ಇಲ್ಲಿ ನಾರು ಎದ್ದು ಕಾಣುವುದಿಲ್ಲ. ಕಪ್ಪು, ಬೂದು ಛಾಯೆ ಜಾಸ್ತಿ. ಅಂಚಿನ ಹತ್ತಿರದ ಕಪ್ಪು ಭಾಗವನ್ನು ಓರೆಯಾಗಿ ಹಿಡಿದರೆ ಕನ್ನಡಿಯಂಥ ನೀಲಿ ಹೊಳಪು ಕಾಣಬಹುದು. ಒಳಗಿನ ಬೆಳ್ಳಿ ಕಾಲಕ್ರಮೇಣ ಮೇಲಕ್ಕೆ ಬಂದು ಆಗುವ ಹೊಳಪು ಇದು. ನೋಡಲು ಕೊಳೆಯಂತೆ ಕಂಡರೂ ಒರೆಸಬೇಡಿ. ವಯಸ್ಸಿಗೆ ಅದೊಂದು ಒಳ್ಳೆ ಸಾಕ್ಷಿ.

ಅಭ್ಯಾಸಕ್ಕೆ ಕಾರ್ಡನ್ನೇ ಕೊಳ್ಳಬೇಕೆಂದಿಲ್ಲ. ಮನೆಯಲ್ಲಿ ಇರುವ ಮುತ್ತಜ್ಜ ಮುತ್ತಜ್ಜಿಯರ ರಟ್ಟಿನ ಫೋಟೊ, ಹಳೆ ಮದುವೆ ಫೋಟೊ, ಹಳೆ ವಾರಪತ್ರಿಕೆಯ ಚಿತ್ರ, ಇವತ್ತಿನ ಲಗ್ನಪತ್ರಿಕೆ ಈ ನಾಲ್ಕನ್ನೂ ಸಾಲಾಗಿ ಇಟ್ಟು ಲೆನ್ಸಿನಲ್ಲಿ ನೋಡಿ. ಒಂದು ಸಂಜೆ ಸಾಕು, ಕಣ್ಣಿಗೆ ವ್ಯತ್ಯಾಸ ಹತ್ತುತ್ತದೆ.

ಹಂತ 5: ಹಿಂಬದಿ, ಅಂಚು, ಅಳತೆ

ಮಾರುವವರು ಮುಂಬದಿ ತೋರಿಸುತ್ತಾರೆ. ನೀವು ಹಿಂಬದಿ ಕೇಳಿ.

ಓಲ್ಡ್ ಜಡ್ಜ್ ಬೇಸ್‌ಬಾಲ್ ಕಾರ್ಡಿನ ಹಿಂಬದಿ ಖಾಲಿ. ಕಂಪನಿಯ ಹೆಸರು, ಬ್ರ್ಯಾಂಡಿನ ಹೆಸರು ಫೋಟೊದಲ್ಲೇ ಮೂಡಿರುತ್ತದೆ. ಗಿನಿ ಗೋಲ್ಡ್‌ನಲ್ಲೂ ಬ್ರ್ಯಾಂಡಿನ ಹೆಸರು ಮುಂದೆಯೇ, ಚಿತ್ರದ ಕೆಳಗೆ. ಹಿಂದೆ ಏನೂ ಇರುವುದಿಲ್ಲ. ಮುಂದೆ ಫೋಟೊ, ಹಿಂದೆ ಉದ್ದನೆ ವಿವರ ಇದ್ದರೆ ನೀವು ಹಿಡಿದಿರುವುದು ಬೇರೆ ಸರಣಿಯ ಕಾರ್ಡು. ಮಾರುವವನು ಏನೇ ಹೆಸರು ಹೇಳಲಿ, ಹಂತ 6ರಲ್ಲಿ ಹೇಳುವ ಪಟ್ಟಿಯಲ್ಲಿ ಮತ್ತೆ ಹುಡುಕಿ.

ಅಂಚನ್ನು ಲೆನ್ಸಿನಲ್ಲಿ ನೋಡಿ. ಓಲ್ಡ್ ಜಡ್ಜ್ ತಯಾರಿಸುವಾಗ ಹಲವು ಫೋಟೊಗಳನ್ನು ಒಟ್ಟಿಗೆ ಜೋಡಿಸಿ ಮತ್ತೆ ಫೋಟೊ ತೆಗೆದು, ದೊಡ್ಡ ಹಾಳೆಯಾಗಿ ಮೂಡಿಸಿ, ರಟ್ಟಿಗೆ ಅಂಟಿಸಿ, ಆಮೇಲೆ ಕತ್ತರಿಸುತ್ತಿದ್ದರು. ಹಾಗಾಗಿ ಫೋಟೊ ಕಾಗದವೂ ರಟ್ಟೂ ಒಂದೇ ಗೆರೆಯಲ್ಲಿ ತುಂಡಾಗಿರಬೇಕು. ಫೋಟೊ ಒಳಗೇ ನಿಂತು ರಟ್ಟು ಹೊರಗೆ ಇಣುಕಿದರೆ, ಕಿತ್ತು ಬೇರೆ ರಟ್ಟಿಗೆ ಅಂಟಿಸಿದ್ದಾರಾ ಅಂತ ಅನುಮಾನ ಪಡಿ. ಮೂರು ಅಂಚು ಕಂದಾಗಿ ಒಂದು ಮಾತ್ರ ಬೆಳ್ಳಗಿದ್ದರೆ ಯಾರೋ ಈಚೆಗೆ ಕತ್ತರಿಸಿದ್ದಾರೆ ಅಂತ ಅರ್ಥ. ಕಾರ್ಖಾನೆಯಲ್ಲೇ ಅಳತೆ ಚೂರುಪಾರು ಹೆಚ್ಚುಕಡಿಮೆ ಆಗುತ್ತಿತ್ತು. ಬರೀ ಸ್ಕೇಲಿನ ಲೆಕ್ಕದಿಂದ ಕಾರ್ಡನ್ನು ತಳ್ಳಿಹಾಕಬೇಡಿ, ಅಳತೆ ಮತ್ತು ಅಂಚು ಎರಡನ್ನೂ ಸೇರಿಸಿ ನೋಡಿ.

ಅಂಚು ಕತ್ತರಿಸುವುದು ಯಾಕೆ ಅಂದರೆ, ಸವೆದ ಮೂಲೆ ಮತ್ತೆ ಚೂಪಾಗುತ್ತದೆ, ಬೆಲೆ ಏರುತ್ತದೆ. ಹೋನಸ್ ವ್ಯಾಗ್ನರ್ ಕಾರ್ಡುಗಳಲ್ಲೇ ಬಹಳ ಸುದ್ದಿಯಾದ ಪ್ರತಿಯೊಂದಕ್ಕೆ 1991ರಲ್ಲಿ ಒಳ್ಳೆ ಗ್ರೇಡ್ (ಕಾರ್ಡಿನ ಸ್ಥಿತಿ ನೋಡಿ ಕೊಡುವ ಅಂಕ) ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರ ಮಾಡಿದರು. ಹಿಂದೆ ಅದನ್ನು ಮಾರಿದ್ದ ವ್ಯಾಪಾರಿ ತಾನೇ ಅಂಚು ಕತ್ತರಿಸಿದ್ದೆ ಅಂತ 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಗ್ರೇಡ್ ಚೀಟಿಗೆ ಬೆಲೆ ಇಲ್ಲ ಅಂತಲ್ಲ. ಆದರೆ ಚೀಟಿ ಓದುವ ಮೊದಲು ಕಾರ್ಡು ಓದಿ.

ಹಂತ 6: ಪಟ್ಟಿಯಲ್ಲಿ ಅದರ ಜಾಗ ಹುಡುಕಿ

ಅಮೆರಿಕದ ಕಾರ್ಡುಗಳ ನಂಬರು ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. 1930ರ ದಶಕದಲ್ಲಿ ಇವರು ಶುರು ಮಾಡಿದ ಪಟ್ಟಿ ಇವತ್ತಿಗೂ ನಡೆಯುತ್ತಿದೆ. "ಎನ್" ಅಂದರೆ ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡು. "ಟಿ" ಅಂದರೆ ಇಪ್ಪತ್ತನೇ ಶತಮಾನದ್ದು. ಓಲ್ಡ್ ಜಡ್ಜ್ ಬೇಸ್‌ಬಾಲ್ ಎನ್ 172. ವ್ಯಾಗ್ನರ್ ಇರುವ ಸೆಟ್ ಟಿ 206. ಮಾರಾಟದ ಪುಟದಲ್ಲಿ ಈ ನಂಬರೇ ಬರುತ್ತದೆ, ಹಾಗಾಗಿ ಇದು ಬಾಯಿಪಾಠ ಆಗಲಿ.

ಬರ್ಡಿಕ್‌ಗೆ ಸಂಧಿವಾತ, ಕೈಬೆರಳು ಸರಿಯಾಗಿ ಮಡಚಲು ಆಗುತ್ತಿರಲಿಲ್ಲ. ಆದರೂ ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡು ಮತ್ತು ಕಾಗದದ ಚೂರುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಅಲ್ಲೇ ವರ್ಷಗಟ್ಟಲೆ ಕುಳಿತು ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿ, ಮಾರ್ಚ್‌ನಲ್ಲಿ ತೀರಿಕೊಂಡರು. ಈಗಿನ ಸಂಗ್ರಾಹಕರಿಗೆ ಅಂಟಿಸಿದ್ದು ಅಂದರೆ ಎದೆ ಝಲ್ ಎನ್ನುತ್ತದೆ. ಆದರೆ ಅಂಟಿಸಿದ್ದಕ್ಕೇ ಅವು ಚೆಲ್ಲಾಪಿಲ್ಲಿಯಾಗದೆ ಒಂದೇ ಕಡೆ ಉಳಿದವು ಅಂತಲೂ ನನಗೆ ಅನ್ನಿಸುತ್ತದೆ.

ಬರೀ ನೋಡಿ ಕಲಿಯಲು ಮೂರು ಜಾಗ ಚೆನ್ನಾಗಿವೆ, ಮೂರೂ ಅಂತರ್ಜಾಲದಲ್ಲಿ ಉಚಿತ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹದಲ್ಲಿ 1887ರಿಂದ 1914ರ ತನಕದ ಸುಮಾರು 2,100 ಬೇಸ್‌ಬಾಲ್ ಕಾರ್ಡುಗಳಿವೆ, ಓಲ್ಡ್ ಜಡ್ಜ್ ಕೂಡ ಇದೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಅರೆಂಟ್ಸ್ ಸಂಗ್ರಹ ತಂಬಾಕಿಗೆಂದೇ ಇರುವುದು, ಬ್ರಿಟಿಷ್ ಕಾರ್ಡುಗಳಿಗೆ ಅದನ್ನು ನೋಡಿ. ಮೂರನೆಯದು ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಎಡ್ವರ್ಡ್ ವಾರ್ಟನ್-ಟೈಗರ್ ಬಿಟ್ಟುಹೋದ ಸುಮಾರು ಹತ್ತು ಲಕ್ಷ ಕಾರ್ಡುಗಳಿವೆ.

ಒಂದು ಕಿವಿಮಾತು. ಓಲ್ಡ್ ಜಡ್ಜ್‌ನಲ್ಲಿ ಆಟಗಾರ ತಂಡ ಬದಲಿಸಿದರೆ ಹೊಸ ಫೋಟೊ ತೆಗೆಯುತ್ತಿರಲಿಲ್ಲ, ಕೆಳಗಿನ ಹೆಸರು ಮಾತ್ರ ಬದಲಿಸುತ್ತಿದ್ದರು. ಒಂದೇ ಭಂಗಿ, ಎರಡು ತಂಡದ ಹೆಸರು. ನೋಡಿ ಗಾಬರಿಯಾಗಬೇಡಿ, ಎರಡೂ ಅಸಲಿಯೇ ಇರಬಹುದು.

ಹಂತ 7: ನಕಲಿ ಹಿಡಿಯಿರಿ

ಈಗಿನ ಪ್ರಿಂಟರಿನಲ್ಲಿ ತೆಗೆದ ನಕಲಿ ಸುಲಭ. ಲೆನ್ಸಿನಲ್ಲಿ ಬಣ್ಣಬಣ್ಣದ ತುಂತುರು ಚುಕ್ಕಿ ಕಾಣುತ್ತದೆ. ಕಷ್ಟ ಕೊಡುವುದು ಇನ್ನೊಂದು ಬಗೆ. ಅಸಲಿ ಕಾರ್ಡಿನ ಫೋಟೊ ತೆಗೆದು, ಅದನ್ನು ಮತ್ತೆ ಫೋಟೊ ಕಾಗದದಲ್ಲೇ ತೊಳೆದು, ಹಳೆ ರಟ್ಟಿಗೆ ಅಂಟಿಸುತ್ತಾರೆ. ಅದೂ ಫೋಟೊನೇ, ಚುಕ್ಕಿ ಇರುವುದಿಲ್ಲ. ಆಗ ಅಕ್ಷರ ನೋಡಿ. ಕೆಳಗಿನ ಸಣ್ಣ ಅಕ್ಷರಗಳ ಅಂಚು ಮಸುಕಾಗಿರುತ್ತದೆ, ನೆರಳಿನ ವಿವರ ಹೂತುಹೋಗಿ ಬರೀ ಕಪ್ಪಾಗಿರುತ್ತದೆ. ಲೈಬ್ರರಿಯ ಜಾಲತಾಣದಲ್ಲಿ ಅದೇ ಕಾರ್ಡು ತೆರೆದು ಪಕ್ಕದಲ್ಲಿಟ್ಟು ಹೋಲಿಸಿ.

ಯುವಿ ಟಾರ್ಚಿನ ಕೆಲಸ ಈಗ. ಸುಮಾರು 1950ರ ಈಚೆಗೆ ಕಾಗದ ಬೆಳ್ಳಗೆ ಕಾಣಲೆಂದು ಒಂದು ರಾಸಾಯನಿಕ ಬೆರೆಸಲು ಶುರು ಮಾಡಿದರು. ಕತ್ತಲೆ ಕೋಣೆಯಲ್ಲಿ ಯುವಿ ಬಿಟ್ಟರೆ ಅಂಥ ಕಾಗದ ನೀಲಿಬಿಳುಪಾಗಿ ಮಿಂಚುತ್ತದೆ. ನೂರಿಪ್ಪತ್ತು ವರ್ಷದ ಕಾಗದ ಮಿಂಚಬಾರದು. ಎರಡೂ ಬದಿ, ನಾಲ್ಕೂ ಅಂಚು ನೋಡಿ, ಕೆಲವೇ ಸೆಕೆಂಡು ಸಾಕು. ಮಿಂಚಿದರೆ ನಕಲಿ ಅಥವಾ ರಿಪೇರಿ ಅನ್ನುವುದು ಬಹುಮಟ್ಟಿಗೆ ಖಾತ್ರಿ. ಮಿಂಚದಿದ್ದರೆ ಅಸಲಿ ಅಂತ ಖಾತ್ರಿ ಇಲ್ಲ, ಹಳೆ ಪುಸ್ತಕದ ಖಾಲಿ ಹಾಳೆ, ರಟ್ಟು ಬಳಸುವ ಕಿಲಾಡಿಗಳೂ ಇದ್ದಾರೆ.

ಡಿಕಾಕ್ಷನ್‌ನಲ್ಲಿ, ಟೀ ನೀರಿನಲ್ಲಿ ಅದ್ದಿ ಹಳೇದು ಮಾಡುವುದು ಎಲ್ಲ ಕಡೆ ಇರುವ ವಿದ್ಯೆ. ಅಂಥ ಕಾರ್ಡಿನ ಬಣ್ಣ ಎಲ್ಲೆಡೆ ಒಂದೇ ಸಮ ಇರುತ್ತದೆ. ನಿಜವಾದ ಮುಪ್ಪು ಹಾಗಲ್ಲ. ಅಂಚಿನಲ್ಲಿ ಜಾಸ್ತಿ, ಕೈ ಆಡಿದ ಮೂಲೆಯಲ್ಲಿ ಇನ್ನೂ ಜಾಸ್ತಿ, ಆಲ್ಬಮ್ಮಿನ ಗೋಂದು ಇದ್ದ ಕಡೆ ಬೇರೆ ತರ.

ಮರುಮುದ್ರಣ ಎಲ್ಲವೂ ಮೋಸ ಅಲ್ಲ. ಬ್ರಿಟನ್ನಿನಲ್ಲಿ ಅನುಮತಿ ಪಡೆದು ತಂದ ಸೆಟ್‌ಗಳೂ ಇವೆ, ಅವುಗಳ ಮೇಲೆ ಮರುಮುದ್ರಣ ಅಂತ ಬರೆದೇ ಇರುತ್ತದೆ. ಆ ಸಾಲನ್ನು ಕೆರೆದು ಮಾರಿದಾಗ ಮಾತ್ರ ತೊಂದರೆ. ಹಿಂಬದಿಯಲ್ಲಿ ಒಂದು ಜಾಗ ಮಾತ್ರ ತೆಳ್ಳಗಾಗಿ ನುಣ್ಣಗಿದ್ದರೆ ಕೈಬಿಡಿ.

ಹಂತ 8: ಕೊಳ್ಳುವಾಗ

ಮಾರುವವರಿಗೆ ನಾಲ್ಕು ಪ್ರಶ್ನೆ ಕಳಿಸಿ. ಹಿಂಬದಿಯ ಚಿತ್ರ ಇದೆಯಾ? ಸರಿಯಾದ ಅಳತೆ ಎಷ್ಟು? ಓರೆ ಬೆಳಕಿನಲ್ಲಿ ತೆಗೆದ ಒಂದು ಫೋಟೊ ಕೊಡುತ್ತೀರಾ? ಅಸಲಿ ಅಲ್ಲದಿದ್ದರೆ ವಾಪಸ್ ತಗೊಳ್ಳುತ್ತೀರಾ? ನೇರ ಉತ್ತರ ಬಂದರೆ ಮುಂದುವರಿಯಿರಿ. "ನಮ್ಮ ತಾತನ ಆಲ್ಬಮ್ಮಿಂದ ಬಂದದ್ದು ಸಾರ್" ಅನ್ನುವ ಕತೆಗೆ ದುಡ್ಡು ಕೊಡಬೇಡಿ, ಕಾರ್ಡಿಗೆ ಕೊಡಿ.

ಕಾರ್ಡಿನ ಸ್ಥಿತಿಯ ಬಗ್ಗೆ ನನ್ನ ಅಭಿಪ್ರಾಯ ಇದು: ಫೋಟೊ ಕಾರ್ಡಿನಲ್ಲಿ ಮೂಲೆಗಿಂತ ಚಿತ್ರ ಮುಖ್ಯ. ಮೂಲೆ ಸವೆದರೂ ಮುಖ, ಬಟ್ಟೆಯ ಮಡಿಕೆ, ಹಿಂದಿನ ಪರದೆ ಎಲ್ಲ ಸ್ಪಷ್ಟವಾಗಿ ಕಾಣುವ ಕಾರ್ಡು ಒಳ್ಳೆಯದು. ಮೂಲೆ ಚೂಪಾಗಿದ್ದು ಆಟಗಾರ ದೆವ್ವದ ಹಾಗೆ ಮಾಸಿದ್ದರೆ ಏನು ಸುಖ? ಓಲ್ಡ್ ಜಡ್ಜ್ ಸಂಗ್ರಹಿಸುವ ಹಳಬರೂ ಚಿತ್ರದ ಗಾಢತೆಗೇ ಜಾಸ್ತಿ ಬೆಲೆ ಕೊಡುತ್ತಾರೆ. ಆಲ್ಬಮ್ಮಿನಿಂದ ಕಿತ್ತು ಹಿಂಬದಿ ಸುಲಿದ ಕಾರ್ಡು ಅಗ್ಗಕ್ಕೆ ಸಿಗುತ್ತದೆ. ಮುಂಬದಿ ಚೆನ್ನಾಗಿದ್ದರೆ ಹೊಸಬರು ಧಾರಾಳವಾಗಿ ಕೊಳ್ಳಬಹುದು.

ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ನೀರು ಹೋಗದ ಕವರಿನಲ್ಲಿ ಕಳಿಸಲು ಮೊದಲೇ ಹೇಳಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯ ಇಲ್ಲ, ಹಳೆ ಕಾರ್ಡುಗಳ ಮೇಳಕ್ಕೆ ಹೋಗಿ ಕೈಯಲ್ಲಿ ಹಿಡಿದೇ ಕೊಳ್ಳಬಹುದು.

ಹಂತ 9: ನಮ್ಮ ಹವೆಯಲ್ಲಿ ಕಾಪಾಡುವುದು

ವಿದೇಶಿ ಪುಸ್ತಕಗಳ ಸಲಹೆ ಮಂಗಳೂರಿನ ಜುಲೈ ತಿಂಗಳಿಗೆ ಸಾಲುವುದಿಲ್ಲ. ಫೋಟೊಗೆ ಬೇಕಾದ್ದು ಶೇಕಡ 30ರಿಂದ 50ರ ಒಳಗಿನ ತೇವ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದು ಶೇಕಡ 80 ದಾಟುವುದು ಸಾಮಾನ್ಯ. ತೇವ ಏರಿದಾಗ ಜೆಲಟಿನ್ ಮೆತ್ತಗಾಗಿ ಕವರಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಆಲ್ಬುಮಿನ್ ಹಳದಿಯಾಗುವುದೂ ಮಾಸುವುದೂ ಬೇಗ ಆಗುತ್ತದೆ.

ಪ್ರತಿ ಕಾರ್ಡಿಗೂ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು. ಪಿವಿಸಿ ಬೇಡವೇ ಬೇಡ, ಗಾಢ ಪ್ಲಾಸ್ಟಿಕ್ ವಾಸನೆ ಬರುವ ಕವರು ಸಾಮಾನ್ಯವಾಗಿ ಅದೇ. ಕವರುಗಳನ್ನು ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಆ ಪೆಟ್ಟಿಗೆಯನ್ನು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಿಸುವ ಜೆಲ್ ತಂದರೆ ಯಾವಾಗ ಮತ್ತೆ ಒಣಗಿಸಬೇಕು ಅಂತ ಅದೇ ಹೇಳುತ್ತದೆ. ಡಬ್ಬಿಯೊಳಗೆ ಒಂದು ಪುಟ್ಟ ತೇವಮಾಪಕ ಇಟ್ಟರೆ ಊಹೆ ಮಾಡುವ ಕೆಲಸ ಇಲ್ಲ. ಅಟ್ಟದ ಮೇಲೆ ಇಡಬೇಡಿ, ಹೊರಗೋಡೆಗೆ ತಾಗಿದ ಬೀರುವಿನಲ್ಲೂ ಬೇಡ.

ನುಸಿಗುಳಿಗೆ ಹಾಕಬೇಡಿ, ಅದರ ಆವಿ ಫೋಟೊಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಹಸಿ ಬೇವಿನ ಸೊಪ್ಪು ತೇವ ತರುತ್ತದೆ. ಸಿಲ್ವರ್‌ಫಿಶ್ ಅನ್ನುವ ಬೆಳ್ಳನೆ ಹುಳಕ್ಕೆ ಹಳೆ ಗೋಂದು, ಜೆಲಟಿನ್ ಅಂದರೆ ಪ್ರಾಣ. ಅದಕ್ಕೆ ಮದ್ದು ಬಿಗಿ ಡಬ್ಬಿ, ಒಣ ಜಾಗ, ಆಗಾಗ ತೆಗೆದು ನೋಡುವುದು. ಗೋಡೆಗೆ ನೇತುಹಾಕುವ ಆಸೆ ಇದ್ದರೆ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದು ಅದನ್ನು ಹಾಕಿ. ಬೆಳಕಿಗೆ ಮಾಸಿದ್ದು ಮತ್ತೆ ಬರುವುದಿಲ್ಲ.

ಹಳೆ ಆಲ್ಬಮ್ಮಿಗೆ ಅಂಟಿದ ಕಾರ್ಡು ಸಿಕ್ಕಿದರೆ ನೀರಲ್ಲಿ ನೆನೆಸಬೇಡಿ. ಅಂಚೆಚೀಟಿ ಸಂಗ್ರಹಿಸಿದವರು ಅಭ್ಯಾಸಬಲದಿಂದ ಹೀಗೆ ಮಾಡಿಬಿಡುತ್ತಾರೆ. ಆಲ್ಬುಮಿನ್ ಪದರ ಇನ್ನಷ್ಟು ಬಿರುಕು ಬಿಡುತ್ತದೆ, ಫೋಟೊ ರಟ್ಟಿನಿಂದಲೇ ಎದ್ದು ಬರುತ್ತದೆ. ಆಲ್ಬಮ್ಮನ್ನು ಹಾಗೇ ಇಡಿ. ಪುಟಗಳ ನಡುವೆ ಆಮ್ಲ ಇಲ್ಲದ ತೆಳು ಕಾಗದ ಇಟ್ಟರೆ ಆಯಿತು. ಸೆಲೋಟೇಪು, ಲ್ಯಾಮಿನೇಷನ್ ಬಗ್ಗೆ ಬೇರೆ ಹೇಳಬೇಕಾ?

ಹಂತ 10: ಸ್ಕ್ಯಾನ್ ಮತ್ತು ದಾಖಲೆ

ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿಪಿಐ ಇಟ್ಟು ಎರಡೂ ಬದಿ ಸ್ಕ್ಯಾನ್ ಮಾಡಿ. ಓಲ್ಡ್ ಜಡ್ಜ್ ಅಳತೆಯ ಕಾರ್ಡಿಗೆ ಸುಮಾರು 1700 ಅಗಲ, 3000 ಎತ್ತರದಷ್ಟು ಪಿಕ್ಸೆಲ್ ಬರುತ್ತದೆ, ದಾರ ಕೂಡ ಕಾಣುವಷ್ಟು. ತಾನಾಗಿ ಬಣ್ಣ ತಿದ್ದುವ ಆಯ್ಕೆ ತೆಗೆದುಹಾಕಿ. ಹಳದಿ ಹಳದಿಯಾಗೇ ಇರಲಿ. ಟಿಫ್ ಫೈಲು ಇಟ್ಟುಕೊಳ್ಳಿ, ಕಳಿಸಲು ಮಾತ್ರ ಜೆಪೆಗ್.

ದಾಖಲೆ ದೊಡ್ಡದೇನೂ ಬೇಡ. ಉದಾಹರಣೆಗೆ ಹೀಗೆ: "ಓಗ್ಡೆನ್, ಗಿನಿ ಗೋಲ್ಡ್. ಬ್ರೋಮೈಡ್ ಫೋಟೊ. ಕ್ರಿಕೆಟಿಗ. ಹಿಂಬದಿ ಖಾಲಿ. ಎಡ ಮೇಲಿನ ಮೂಲೆ ಸವೆದಿದೆ, ಬಲ ಅಂಚಿನಲ್ಲಿ ಬೆಳ್ಳಿ ಹೊಳಪು. ಯುವಿಯಲ್ಲಿ ಮಿಂಚಿಲ್ಲ." ಕಾರ್ಡಿನ ಮೇಲಿನ ಹೆಸರನ್ನು ಅಲ್ಲಿ ಇದ್ದ ಹಾಗೇ, ತಪ್ಪಿದ್ದರೆ ತಪ್ಪಿನ ಜೊತೆಗೇ ಬರೆದುಕೊಳ್ಳಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ ಅನ್ನುವುದೂ ಇರಲಿ. ಕಾರ್ಡಿನ ಹಿಂದೆ ಪೆನ್ನಲ್ಲಿ ಬರೆಯಬೇಡಿ, ಕವರಿನ ಹೊರಗೆ ಚೀಟಿ ಹಚ್ಚಿ.

ಮಾರುವ ಯೋಚನೆ ಬಂದರೆ

ದೇಶದ ಒಳಗೆ ಮಾರುವುದಕ್ಕೂ ಹೊರಗೆ ಕಳಿಸುವುದಕ್ಕೂ ವ್ಯತ್ಯಾಸ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಇತಿಹಾಸಕ್ಕೆ ಸಂಬಂಧಪಟ್ಟ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವ್ಯಾಖ್ಯೆ ಬಹಳ ಅಗಲವಾಗಿದೆ, ಸಿಗರೇಟು ಕಾರ್ಡಲ್ವಾ ಅಂತ ಸುಮ್ನೆ ಕವರಿಗೆ ಹಾಕಿ ಅಂಚೆಗೆ ಕೊಡಬೇಡಿ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಕೇಳಿ. ಬೆಂಗಳೂರು, ಧಾರವಾಡದಲ್ಲಿ ಅದರ ವೃತ್ತ ಕಚೇರಿಗಳಿವೆ. ವಸ್ತು ಆ ಕಾಯ್ದೆಗೆ ಬರುವುದಿಲ್ಲ ಅಂತ ಅವರು ಪ್ರಮಾಣಪತ್ರ ಕೊಟ್ಟರೆ ಅದರ ಪ್ರತಿಯನ್ನು ಕಾರ್ಡಿನ ಜೊತೆಗೇ ಕಳಿಸಿ, ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ.